ನೀರು ತಿಳಿಯಾಗಿತ್ತು, ಮೀನು ಕಪ್ಪಾಗಿತ್ತು: ಮನೆಯಲ್ಲಿ ಡಿಸ್ಕಸ್ ಟ್ಯಾಂಕ್ ಮತ್ತು ಅದರ ಫಿಲ್ಟರ್

[ದೃಶ್ಯ: ಟ್ಯಾಂಕ್‌ನ ಎಡ ಮೂಲೆ. ಮೊಬೈಲ್‌ನಲ್ಲಿ ತೆಗೆದ ಹಳೆಯ ವಿಡಿಯೋ.]

ಈ ಮೀನನ್ನು ನೋಡಿ. ಇದು ಟರ್ಕಾಯ್ಸ್ ಡಿಸ್ಕಸ್. ಮೈತುಂಬಾ ನೀಲಿ ಗೆರೆ ಹೊಳೆಯಬೇಕಿತ್ತು. ಇಲ್ಲಿ ರೊಟ್ಟಿ ಹಂಚಿನ ಹಾಗೆ ಕಪ್ಪಾಗಿದೆ. ತಲೆ ತಗ್ಗಿಸಿ, ಹೀಟರ್ ಹಿಂದೆ ಮೂಲೆ ಹಿಡಿದಿದೆ. ಕಿವಿರು ಒಂದೇ ಸಮ ಬಡಿದುಕೊಳ್ಳುತ್ತಿದೆ. ಈಗ ಸುತ್ತಲಿನ ನೀರು ನೋಡಿ. ಎಷ್ಟು ತಿಳಿ ಅಂದರೆ, ಹಿಂದಿನ ಗೋಡೆಯ ಕ್ಯಾಲೆಂಡರ್‌ನ ತಾರೀಕು ಓದಬಹುದು.

ಮೂರು ದಿನ ಮೊದಲು ನಾನು ಫಿಲ್ಟರ್ ತೊಳೆದಿದ್ದೆ. ಚೆನ್ನಾಗಿ ತೊಳೆದಿದ್ದೆ, ತಪ್ಪಾಗಿದ್ದೇ ಅಲ್ಲಿ. ಸ್ಪಂಜು, ಸೆರಾಮಿಕ್ ರಿಂಗ್ ಎಲ್ಲವನ್ನೂ ನಲ್ಲಿ ಕೆಳಗೆ ಹಿಡಿದು, ಅಕ್ಕಿ ತೊಳೆದ ಹಾಗೆ ಉಜ್ಜಿ ಉಜ್ಜಿ ತೊಳೆದೆ. ಆರು ಮೀನಿನಲ್ಲಿ ಎರಡು ಹೋದವು.

[ದೃಶ್ಯ: ಕ್ಯಾಮೆರಾ ಎದುರು. ಕೈಯಲ್ಲಿ ಕಂದು ಬಣ್ಣದ ಸ್ಪಂಜು.]

ನಮಸ್ಕಾರ, ಚಿತ್ರದುರ್ಗದಿಂದ. ಇವತ್ತು ಡಿಸ್ಕಸ್ ಟ್ಯಾಂಕ್ ಕಟ್ಟುವುದು ಹೇಗೆ ಅಂತ ನೋಡೋಣ. ಅದಕ್ಕೂ ಮೊದಲು ಈ ಸ್ಪಂಜು. ಮುಟ್ಟಿದರೆ ಜಾರುತ್ತದೆ, ಅಲ್ವಾ? ಈ ಕಂದು ಲೋಳೆಯೇ ಫಿಲ್ಟರ್. ಉಳಿದದ್ದೆಲ್ಲ ಬರೀ ಪ್ಲಾಸ್ಟಿಕ್ ಮತ್ತು ಮೋಟರ್.

ಮೀನು ತಿನ್ನುತ್ತದೆ, ಹೊಲಸು ಮಾಡುತ್ತದೆ. ಅದರಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಅದು ಕಣ್ಣಿಗೆ ಕಾಣಲ್ಲ, ಆದರೆ ಕಿವಿರನ್ನು ಸುಡುತ್ತದೆ. ಈ ಲೋಳೆಯಲ್ಲಿರುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಇದು ತುಂಬಾ ಜಾಸ್ತಿ ಆಗದಿದ್ದರೆ ಮೀನು ತಡೆದುಕೊಳ್ಳುತ್ತದೆ. ನಲ್ಲಿ ನೀರಿನ ಕ್ಲೋರಿನ್‌ನಲ್ಲಿ ಸ್ಪಂಜು ತೊಳೆದರೆ ಈ ಎರಡೂ ಗುಂಪು ಸಾಯುತ್ತವೆ. ನಾನು ಮಾಡಿದ್ದು ಹೆಪ್ಪಿನ ಬಟ್ಟಲನ್ನು ಸೋಪು ಹಾಕಿ ತಿಕ್ಕಿಟ್ಟು, ಬೆಳಿಗ್ಗೆ ಮೊಸರು ಯಾಕಾಗಲಿಲ್ಲ ಅಂದ ಹಾಗೆ.

ಹೆಪ್ಪು ಅಂದೆನಲ್ಲ, ಹೊಸ ಟ್ಯಾಂಕ್‌ಗೂ ಅದೇ ಲೆಕ್ಕ. ಟ್ಯಾಂಕ್ ತಂದ ದಿನವೇ ಮೀನು ಬಿಡಬೇಡಿ. ನೀರು ತುಂಬಿ, ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯಾ ಬರಲಿ. ಬ್ಯಾಕ್ಟೀರಿಯಾ ತಾವಾಗಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆರೋಗ್ಯವಾದ ಟ್ಯಾಂಕ್ ಇರುವ ಗೆಳೆಯರಿದ್ದರೆ ಅವರ ಹಳೆ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ, ಪಕ್ಕದ ಮನೆಯಿಂದ ಹೆಪ್ಪು ತರುವ ಹಾಗೆ. ಒದ್ದೆಯಾಗಿಯೇ ತರಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮಾತ್ರ ಕಂಡರೆ ಟ್ಯಾಂಕ್ ತಯಾರು.

[ದೃಶ್ಯ: ಟಿಡಿಎಸ್ ಮೀಟರ್, ಮೂರು ಲೋಟ ನೀರು.]

ಈಗ ನಮ್ಮೂರಿನ ತಲೆನೋವಿಗೆ ಬರೋಣ. ಡಿಸ್ಕಸ್‌ನ ತವರು ಅಮೆಜಾನ್. ಅಲ್ಲಿ ರಿಯೊ ನೆಗ್ರೊ ನದಿಯ ನೀರು ತೆಳು ಕಾಫಿ ಡಿಕಾಕ್ಷನ್ ಬಣ್ಣ. ಬಿದ್ದ ಎಲೆ ಕೊಳೆತು ಹುಳಿಯಾದ, ಲವಣವೇ ಇಲ್ಲದಷ್ಟು ಮೆದು ನೀರು. ನಮ್ಮದು? ಬಕೆಟ್ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುವ ಬೋರ್ ನೀರು. ಈ ಮೀಟರ್ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ಅಳೆಯುತ್ತದೆ. ನಮ್ಮ ಮನೆ ಬೋರ್ ಇದರಲ್ಲಿ 900 ತೋರಿಸುತ್ತದೆ. ಈಗ ಅಂಗಡಿಯಲ್ಲಿ ಸಿಗುವ ಡಿಸ್ಕಸ್ ಹೆಚ್ಚಿನವು ಸಾಕಣೆಯಲ್ಲೇ ಹುಟ್ಟಿದವು, ಅಷ್ಟೊಂದು ಮೆದು ನೀರು ಕೇಳುವುದಿಲ್ಲ. ಆದರೂ 900 ಅತಿಯಾಯಿತು. ನಾನು 200ರ ಆಸುಪಾಸು ಇಡುತ್ತೇನೆ.

ಪಿಎಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ, ಇನ್ನೂ ಮುಖ್ಯ. ಪಿಎಚ್ 7ರಿಂದ 8ಕ್ಕೆ ಏರಿದರೆ, ಅದೇ ಅಮೋನಿಯಾದಲ್ಲಿ ವಿಷವಾಗುವ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ನೀರು ಬಿಸಿಯಾದಷ್ಟೂ ಆ ಪಾಲು ಜಾಸ್ತಿ. ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ಬೇಕೇ ಬೇಕು. ಗೋಲ್ಡ್ ಫಿಶ್ ಸಾಕಿದವರು ದಕ್ಕಿಸಿಕೊಂಡ ತಪ್ಪು ಇಲ್ಲಿ ದಕ್ಕುವುದಿಲ್ಲ.

ಪರಿಹಾರ ನಮ್ಮ ರಸ್ತೆಯಲ್ಲೇ ಇದೆ. ಜಿಲ್ಲೆಯ ಎಷ್ಟೋ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಹಾಗಾಗಿ ಊರೂರಿಗೂ ಕಾಯಿನ್ ಹಾಕುವ ಶುದ್ಧ ನೀರಿನ ಘಟಕ ಬಂದಿದೆ. ಅದು ಆರ್‌ಒ ನೀರು, ಅಂದರೆ ಲವಣ ಸೋಸಿ ತೆಗೆದ ನೀರು, ಟಿಡಿಎಸ್ 30. ಒಂದು ಕ್ಯಾನ್ ಬೋರ್ ನೀರಿಗೆ ನಾಲ್ಕು ಕ್ಯಾನ್ ಘಟಕದ ನೀರು ಸೇರಿಸಿದರೆ 200 ಆಸುಪಾಸಿಗೆ ಬರುತ್ತದೆ. ಸ್ಕೂಟರ್ ಮುಂದೆ ಕ್ಯಾನ್ ಇಟ್ಟುಕೊಂಡು ಎರಡು ಟ್ರಿಪ್. 'ಮೀನಿಗೆ ಫಿಲ್ಟರ್ ನೀರಾ!' ಅಂತ ಓಣಿಯವರು ನಕ್ಕರು, ನಗಲಿ. ಬರೀ ಆರ್‌ಒ ನೀರು ಮಾತ್ರ ತುಂಬಬೇಡಿ. ಅದರಲ್ಲಿ ಲವಣ ಇಲ್ಲದೆ ಪಿಎಚ್ ಒಂದೇ ಸಲ ಕುಸಿದುಬಿಡುತ್ತದೆ.

ದಾವಣಗೆರೆಯವರು ಪುಣ್ಯವಂತರು. ಭದ್ರಾ ನೀರು ಬರುವ ಕಡೆ ಮೊದಲು ಮೀಟರ್ ಅದ್ದಿ ನೋಡಿ, ಈ ಕಸರತ್ತು ಬೇಕಾಗದೆಯೂ ಇರಬಹುದು.

[ದೃಶ್ಯ: ಪೂರ್ತಿ ಟ್ಯಾಂಕ್, ಕೆಳಗೆ ಸ್ಟ್ಯಾಂಡ್ ಒಳಗಿನ ಸಂಪ್.]

ಟ್ಯಾಂಕ್ ಉದ್ದ ನಾಲ್ಕು ಅಡಿ, ಅಗಲ ಮತ್ತು ಎತ್ತರ ಒಂದೂವರೆ ಅಡಿ. ಹತ್ತಿರ ಹತ್ತಿರ 250 ಲೀಟರ್. ದೊಡ್ಡ ಮೀನು ಒಂದಕ್ಕೆ 40 ಲೀಟರ್ ಲೆಕ್ಕದಲ್ಲಿ ಆರು ಮೀನು. ಕಡಿಮೆ ಬೇಡ, ಎರಡೇ ಇಟ್ಟರೆ ಒಂದು ಇನ್ನೊಂದನ್ನು ಅಟ್ಟಾಡಿಸುತ್ತದೆ. ತೂಕ ಮೂರು ಕ್ವಿಂಟಲ್ ದಾಟುತ್ತದೆ, ಗಟ್ಟಿ ಸ್ಟ್ಯಾಂಡ್ ಮಾಡಿಸಿ. ಗಾಜಿನ ಕೆಳಗೆ ಥರ್ಮೋಕೋಲ್ ಹಾಳೆ ಹಾಕಿ. ತಳಕ್ಕೆ ಕಲ್ಲು, ಮರಳು ಏನೂ ಹಾಕಿಲ್ಲ. ನೋಡಲು ಬೋಳು ಅನ್ನಿಸುತ್ತದೆ, ಆದರೆ ಹೊಲಸು ಕಂಡ ಕೂಡಲೇ ಪೈಪ್ ಹಾಕಿ ಎಳೆಯಬಹುದು.

ಫಿಲ್ಟರ್‌ಗೆ ನಾನು ಸಂಪ್ ಕಟ್ಟಿಸಿದ್ದೇನೆ. ನಮ್ಮ ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಮುಂದಕ್ಕೆ ಕೆಳಗೆ. ಸಂಪ್ ಕೂಡ ಹಾಗೇ. ಟ್ಯಾಂಕ್‌ನಿಂದ ಉಕ್ಕಿದ ನೀರು ಕೆಳಗಿನ ಮೂರು ಕೋಣೆಗಳಿಗೆ ಇಳಿಯುತ್ತದೆ. ಮೊದಲ ಕೋಣೆಯಲ್ಲಿ ಸ್ಪಂಜು ಕಸ ಹಿಡಿಯುತ್ತದೆ. ಎರಡನೆಯದರಲ್ಲಿ ಸೆರಾಮಿಕ್ ರಿಂಗ್ ಮತ್ತು ಪಾತ್ರೆ ತಿಕ್ಕುವ ಹೊಸ ಪ್ಲಾಸ್ಟಿಕ್ ಸ್ಕ್ರಬ್ಬರ್, ನಮ್ಮ ಹೆಪ್ಪು ಕೂರುವುದು ಇಲ್ಲೇ. ಮೂರನೆಯದರಿಂದ ಪಂಪು ನೀರನ್ನು ಮೇಲೆ ಕಳಿಸುತ್ತದೆ. ಒಂದೇ ವ್ಯತ್ಯಾಸ, ಕೋಟೆಯಲ್ಲಿ ನೀರು ವಾಪಸ್ ಹತ್ತುವುದಿಲ್ಲ.

ಗಂಟೆಗೆ 1000 ಲೀಟರ್ ಎತ್ತುವ ಪಂಪು ಸಾಕು. ಡಿಸ್ಕಸ್ ಮೈ ತಟ್ಟೆಯ ಹಾಗೆ ಚಪ್ಪಟೆ, ಜೋರು ಸೆಳವಿಗೆ ನಿಲ್ಲಲಾಗದೆ ಸುಸ್ತಾಗುತ್ತದೆ. ನೀರು ಬೀಳುವ ಪೈಪನ್ನು ಗಾಜಿನ ಕಡೆ ತಿರುಗಿಸಿ.

ಕರೆಂಟ್ ಹೋದಾಗ ಏನಾಗುತ್ತದೆ? ಪಂಪು ನಿಂತ ಮೇಲೂ ಸ್ವಲ್ಪ ನೀರು ಕೆಳಗೆ ಇಳಿಯುತ್ತದೆ. ಈ ಟ್ಯಾಂಕ್‌ನಲ್ಲಿ ಒಂದು ಇಂಚು ಇಳಿದರೆ 14 ಲೀಟರ್. ಸಂಪ್‌ನಲ್ಲಿ ಅಷ್ಟು ಜಾಗ ಬಿಟ್ಟಿರದಿದ್ದರೆ ಹಾಲ್‌ನಲ್ಲಿ ಕೆರೆ. ಪಂಪಿನ ಪೈಪ್‌ಗೆ ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ಸಣ್ಣ ತೂತು ಹಾಕಿ. ಅಲ್ಲಿಂದ ಗಾಳಿ ಎಳೆದುಕೊಂಡು, ವಾಪಸ್ ಹರಿಯುವುದು ನಿಲ್ಲುತ್ತದೆ.

ಕ್ಯಾನಿಸ್ಟರ್ ಫಿಲ್ಟರ್ ಇದ್ದವರಿಗೆ ತೊಂದರೆ ಬೇರೆ. ಮುಚ್ಚಿದ ಡಬ್ಬಿಯಲ್ಲಿ ನೀರು ನಿಂತರೆ ಕೆಲವೇ ಗಂಟೆಯಲ್ಲಿ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಕರೆಂಟ್ ಬಂದಾಗ ಆ ನಾತದ ನೀರೆಲ್ಲ ಮೀನಿನ ಮುಖಕ್ಕೆ. ಬಹಳ ಹೊತ್ತು ನಿಂತಿದ್ದರೆ ಮೊದಲು ಡಬ್ಬಿಯ ನೀರು ಚೆಲ್ಲಿ, ಆಮೇಲೆ ಓಡಿಸಿ. ಯಾವ ಫಿಲ್ಟರ್ ಇದ್ದರೂ ಪಕ್ಕದಲ್ಲೊಂದು ಸ್ಪಂಜ್ ಫಿಲ್ಟರ್ ಇರಲಿ, ಬ್ಯಾಟರಿ ಏರ್ ಪಂಪ್ ಜೊತೆಗೆ. ಬಿಸಿ ನೀರು ಹಿಡಿದಿಡುವ ಆಮ್ಲಜನಕವೇ ಕಡಿಮೆ. ಗಾಳಿ ನಿಂತರೆ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ.

[ದೃಶ್ಯ: ನೀಲಿ ಡ್ರಮ್, ಬಕೆಟ್, ಪೈಪ್. ಶನಿವಾರ ಬೆಳಿಗ್ಗೆ.]

ಫಿಲ್ಟರ್ ಎಷ್ಟೇ ಒಳ್ಳೆಯದಿರಲಿ, ನೈಟ್ರೇಟ್ ಮಾತ್ರ ಟ್ಯಾಂಕ್‌ನಲ್ಲೇ ಉಳಿಯುತ್ತದೆ. ಅದನ್ನು ಬಕೆಟ್‌ನಲ್ಲೇ ಹೊರಗೆ ಹಾಕಬೇಕು. ವಾರಕ್ಕೆ ಎರಡು ಸಲ, ಸಲಕ್ಕೆ 100 ಲೀಟರ್. ಹೊಸ ನೀರನ್ನು ಹಿಂದಿನ ದಿನವೇ ಡ್ರಮ್‌ನಲ್ಲಿ ಬೆರೆಸಿ, ಏರ್ ಸ್ಟೋನ್ ಮತ್ತು ಹೀಟರ್ ಹಾಕಿಡುತ್ತೇನೆ. ನಲ್ಲಿ ನೀರು ಬಳಸುವವರು ಅಕ್ವೇರಿಯಂ ಅಂಗಡಿಯ ಆ್ಯಂಟಿ ಕ್ಲೋರಿನ್ ಮರೆಯಬೇಡಿ. ಟ್ಯಾಂಕ್ ನೀರು ಎಳೆಯುವ ಮೊದಲು ಹೀಟರ್ ಸ್ವಿಚ್ ಆಫ್. ನೀರಿನಿಂದ ಹೊರಗೆ ಬಂದ ಬಿಸಿ ಹೀಟರ್ ಪಟ್ ಅಂತ ಒಡೆಯುತ್ತದೆ.

ಸ್ಪಂಜು ತೊಳೆಯುವುದೂ ಇದೇ ಹೊತ್ತಿಗೆ. ಟ್ಯಾಂಕ್‌ನಿಂದ ತೆಗೆದ ನೀರು ಈ ಬಕೆಟ್‌ನಲ್ಲಿದೆ. ಇದರಲ್ಲೇ ಎರಡು ಸಲ ಹಿಂಡುತ್ತೇನೆ. ನೋಡಿ, ರಾಗಿ ಅಂಬಲಿ ಬಣ್ಣ ಬಂತು. ಸಾಕು. ಸ್ಪಂಜು ಇನ್ನೂ ಕೊಳಕಾಗಿ ಕಾಣುತ್ತಿದೆ, ಕಾಣಲಿ. ರಿಂಗ್ ಇರುವ ಕೋಣೆಗೆ ಇವತ್ತು ಕೈ ಹಾಕುವುದಿಲ್ಲ.

[ದೃಶ್ಯದ ಹೊರಗಿನಿಂದ ಅಮ್ಮನ ದನಿ: 'ಹಿಂಡಿದ್ದಾಯ್ತೇನೋ? ಆ ಬಕೆಟ್ ಇತ್ಲಾಗೆ ಕೊಡು, ಕರಿಬೇವಿಗೆ ಹಾಕ್ಬೇಕು.']