ಮಗುವಿಗೆ ಮಾತ್ರ ಹೇಳಬೇಡಿ

ನಮಸ್ಕಾರ ಕೇಳುಗರೇ.

ಮಕ್ಕಳ ಕ್ಯಾನ್ಸರ್ ವಾರ್ಡಿನ ಬಾಗಿಲ ಹತ್ತಿರ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಅಪ್ಪನೋ ದೊಡ್ಡಪ್ಪನೋ ಡಾಕ್ಟರನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ಮಗೂಗೆ ಮಾತ್ರ ಏನೂ ಹೇಳ್ಬೇಡಿ ಸಾರ್" ಅನ್ನುತ್ತಾರೆ. ಅದು ಪ್ರೀತಿಯಿಂದಲೇ ಬರುವ ಮಾತು. ಆದರೆ ಒಳಗೆ ಮಂಚದ ಮೇಲೆ ಕೂತ ಮಗು ಆಗಲೇ ಅರ್ಧ ಲೆಕ್ಕ ಹಾಕಿರುತ್ತದೆ. ಅಮ್ಮ ಬಚ್ಚಲಿಂದ ಬರುವಾಗ ಕಣ್ಣು ಯಾಕೆ ಕೆಂಪಗಿರುತ್ತೆ? ಚಿಕ್ಕಪ್ಪ ಇದ್ದಕ್ಕಿದ್ದಂತೆ ಸೈಕಲ್ ಕೊಡಿಸ್ತೀನಿ ಅಂದಿದ್ದು ಯಾಕೆ? ಪಕ್ಕದ ಹಾಸಿಗೆಯ ಅಕ್ಕನಿಗೆ ಕೂದಲೇ ಇಲ್ಲವಲ್ಲ, ನನಗೂ ಹಾಗೇ ಆಗುತ್ತಾ? ಕೇಳಿದರೆ ದೊಡ್ಡವರು ಮಾತು ಬದಲಿಸುತ್ತಾರೆ. ಕೊನೆಗೆ ಮಗು ಕೇಳುವುದನ್ನೇ ಬಿಡುತ್ತದೆ. ಮನೆಯವರು ಮಗುವಿನಿಂದ ಮುಚ್ಚಿಡುತ್ತಾರೆ, ಮಗು ತನ್ನ ಭಯವನ್ನು ಮನೆಯವರಿಂದ ಮುಚ್ಚಿಡುತ್ತದೆ.

ಇವತ್ತು ನಾನು ಕೇಳಿಕೊಳ್ಳುವುದು ಇಷ್ಟೇ. ಮಗುವಿಗೆ ಹೇಳಿ. ಅದರ ವಯಸ್ಸಿಗೆ ಎಷ್ಟು ಬೇಕೋ ಅಷ್ಟು ಸಾಕು. ಆದರೆ ನಿಜ ಹೇಳಿ.

ಕ್ಯಾನ್ಸರ್ ಅಂದ ಕೂಡಲೇ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಮಕ್ಕಳ ವಿಷಯದಲ್ಲಿ ಅದು ತಪ್ಪು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ರಕ್ತದ ಕ್ಯಾನ್ಸರ್, ಅದರಲ್ಲೂ ಎಎಲ್‌ಎಲ್ ಅನ್ನುವ ಬಗೆ. ಅದರ ಚಿಕಿತ್ಸೆ ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ 100 ಮಕ್ಕಳಲ್ಲಿ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. 2030ರ ಹೊತ್ತಿಗೆ ಪ್ರಪಂಚದಾದ್ಯಂತ ಇಂಥ 100 ಮಕ್ಕಳಲ್ಲಿ ಕನಿಷ್ಠ 60 ಮಕ್ಕಳಾದರೂ ಉಳಿಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟುಕೊಂಡಿತು.

ನಮ್ಮಲ್ಲಿ ತೊಂದರೆ ಆಗುವುದು ಎರಡು ಕಡೆ. ಆಸ್ಪತ್ರೆಗೆ ತಡವಾಗಿ ಬರುತ್ತೇವೆ, ಬಂದವರು ನಡುವೆಯೇ ಬಿಟ್ಟು ಹೋಗುತ್ತೇವೆ. ರಾಯಚೂರು ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದ ಒಂದು ಸಂಸಾರವನ್ನು ನೆನೆಸಿಕೊಳ್ಳಿ. ಅಪ್ಪನ ಕೂಲಿ ನಿಂತಿದೆ, ಇನ್ನೊಂದು ಮಗು ಅಜ್ಜಿ ಹತ್ತಿರ ಇದೆ, ಬಸ್ಸಿನ ಖರ್ಚೇ ಹೊರೆ. ಮೊದಲ ತಿಂಗಳ ಚಿಕಿತ್ಸೆ ಮುಗಿಯುವಷ್ಟರಲ್ಲಿ ಮಗು ಎದ್ದು ಆಡತೊಡಗುತ್ತದೆ. "ಹುಷಾರಾಯ್ತಲ್ಲ, ಇನ್ನೇನು" ಅಂತ ಊರಿಗೆ ಹೊರಟುಬಿಡುತ್ತಾರೆ. ಕಾಯಿಲೆ ಅಡಗಿರುತ್ತದೆ, ಹೋಗಿರುವುದಿಲ್ಲ. ಇಂಥಲ್ಲಿ ವಿಷಯ ತಿಳಿದ ಮಗು ದೊಡ್ಡ ಸಹಾಯ. ಔಷಧಿ ಇನ್ನೂ ಎಷ್ಟು ದಿನ ಇದೆ ಅಂತ ಗೊತ್ತಿರುವ ಒಂಬತ್ತು ವರ್ಷದ ಹುಡುಗಿ, "ಅಪ್ಪ, ಸೋಮವಾರ ಹೋಗ್ಬೇಕಲ್ವಾ?" ಅಂತ ತಾನೇ ನೆನಪಿಸುತ್ತಾಳೆ.

ಹೇಳುವುದು ಹೇಗೆ? ಭಾಷಣ ಬೇಡ. "ನಿನ್ನ ರಕ್ತದಲ್ಲಿ ಕೆಲವು ಕಣಗಳು ಸರಿಯಾಗಿ ಬೆಳೀತಿಲ್ಲ. ಅದನ್ನು ಲ್ಯುಕೇಮಿಯಾ ಅಂತಾರೆ. ಔಷಧಿ ಸ್ವಲ್ಪ ಜೋರು, ಕೂದಲು ಉದುರುತ್ತೆ, ಆಮೇಲೆ ಮತ್ತೆ ಬರುತ್ತೆ. ನಾನು ಜೊತೇಲೇ ಇರ್ತೀನಿ." ಇಷ್ಟು ಹೇಳಿ ಸುಮ್ಮನಾಗಿ. ಪ್ರಶ್ನೆಗಳು ಆಮೇಲೆ ಬರುತ್ತವೆ, ಕೆಲವು ಸಲ ಮಾರನೇ ದಿನ ಊಟಕ್ಕೆ ಕೂತಾಗ.

ಮತ್ತೊಂದು ಮಾತನ್ನು ಮಗು ಕೇಳದಿದ್ದರೂ ಹೇಳಿ: "ಇದು ನಿನ್ನ ತಪ್ಪಲ್ಲ." ಸುಳ್ಳು ಹೇಳಿದ್ದಕ್ಕೆ, ಊಟ ಬಿಟ್ಟಿದ್ದಕ್ಕೆ ಕಾಯಿಲೆ ಬಂತು ಅಂತ ಮಕ್ಕಳು ಮನಸ್ಸಿನಲ್ಲೇ ಕೊರಗುತ್ತಾರೆ. ಅವತ್ತು ಜಗಳದಲ್ಲಿ ತಳ್ಳಿದ್ದೆನಲ್ಲ ಅಂತ ಅಣ್ಣನೋ ತಂಗಿಯೋ ಕೊರಗುತ್ತಿರಬಹುದು. ಸಾಲದ್ದಕ್ಕೆ ನೋಡಲು ಬಂದ ನೆಂಟರು, ಯಾರ ಕಣ್ಣು ಬಿತ್ತೋ, ಬಸುರಿಯಾಗಿದ್ದಾಗ ಅಮ್ಮ ಏನು ತಿಂದಿದ್ದಳೋ ಅಂತ ಶುರು ಮಾಡುತ್ತಾರೆ. ಅಪ್ಪ ಅಮ್ಮ ಏನೋ ಮಾಡಿದ್ದಕ್ಕೆ ಬರುವ ಕಾಯಿಲೆ ಇದಲ್ಲ. ಇಂಥ ಮಾತನ್ನು ಹೊಸಿಲಲ್ಲೇ ತಡೆಯಿರಿ, ನಿಷ್ಠುರವಾದರೂ ಪರವಾಗಿಲ್ಲ.

ಸೂಜಿಯ ವಿಷಯಕ್ಕೂ ಇದೇ ನಿಯಮ. ಬೆನ್ನುಹುರಿಯ ನೀರು ತೆಗೆಯುವ ಪರೀಕ್ಷೆಗೆ ಕರೆದೊಯ್ಯುವಾಗ "ಏನೂ ಆಗಲ್ಲ" ಅನ್ನಬೇಡಿ. ಒಂದು ಸಲ ಮೋಸ ಹೋದ ಮಗು ಮುಂದಿನ ಸಲ ಆಸ್ಪತ್ರೆಯ ಗೇಟಿನಲ್ಲೇ ಅಳಲು ಶುರು ಮಾಡುತ್ತದೆ. ಸ್ವಲ್ಪ ನೋಯುತ್ತೆ, ಬೇಗ ಮುಗಿಯುತ್ತೆ ಅನ್ನಿ. ರಕ್ತ ತೆಗೆಯುವಾಗ ಎಡಗೈಯೋ ಬಲಗೈಯೋ, ಅದೇ ಆರಿಸಲಿ. ಸೋಪಿನ ಗುಳ್ಳೆ ಊದಿಸಿ. ಸೂಜಿ ಇಲ್ಲದ ಸಿರಿಂಜು ಕೊಟ್ಟರೆ ಗೊಂಬೆಗೆ ತಾನೇ ಇಂಜೆಕ್ಷನ್ ಹಾಕುತ್ತಾ ಹೆದರಿಕೆಯನ್ನು ಹೊರಹಾಕುತ್ತದೆ. ಹಾಂ, ಈ ಚಿಕಿತ್ಸೆಯಲ್ಲಿ ಕೊಡುವ ಸ್ಟಿರಾಯ್ಡ್ ಮಾತ್ರೆಯ ದಿನಗಳಲ್ಲಿ ಸಿಡುಕು, ಮಧ್ಯರಾತ್ರಿ ಅನ್ನ ಸಾರಿಗೆ ಹಠ, ಎಲ್ಲಾ ಇರುತ್ತದೆ. ಅದು ಮಾತ್ರೆಯ ಕೆಲಸ, ಮಗು ಕೆಟ್ಟಿಲ್ಲ.

ಇನ್ನು ಕಷ್ಟದ ಮಾತು. ಎಲ್ಲಾ ಮಾಡಿದರೂ ಕೆಲವು ಮಕ್ಕಳು ಉಳಿಯುವುದಿಲ್ಲ. ಆಗಲೂ ಹೇಳಬೇಕಾ? ಸ್ವೀಡನ್ನಿನಲ್ಲಿ ಕ್ಯಾನ್ಸರಿನಿಂದ ಮಗುವನ್ನು ಕಳೆದುಕೊಂಡ ತಂದೆತಾಯಂದಿರನ್ನು ಇದೇ ಪ್ರಶ್ನೆ ಕೇಳಿದ್ದರು. ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಸಾವಿನ ಬಗ್ಗೆ ಮಗುವಿನ ಜೊತೆ ಮಾತಾಡಿದ್ದ 147 ಜನರಲ್ಲಿ ಒಬ್ಬರೂ ಯಾಕಾದರೂ ಮಾತಾಡಿದೆವೋ ಅನ್ನಲಿಲ್ಲ. ಮಾತಾಡದೆ ಉಳಿದ 258 ಜನರಲ್ಲಿ 69 ಜನಕ್ಕೆ ಮಾತಾಡಲಿಲ್ಲವಲ್ಲ ಅನ್ನುವ ಕೊರಗು ಉಳಿದಿತ್ತು. ನಮ್ಮ ಮನೆಗಳು ಬೇರೆ, ನಿಜ. ಆದರೂ ನಮ್ಮ ಮಕ್ಕಳೂ ಸುತ್ತು ಬಳಸಿ ಕೇಳುತ್ತಾರೆ. "ನನ್ನ ಪೆನ್ಸಿಲ್ ಬಾಕ್ಸ್ ತಂಗಿಗೆ ಕೊಡಮ್ಮ" ಅನ್ನುತ್ತಾರೆ. "ಹಾಗೆಲ್ಲಾ ಮಾತಾಡ್ಬೇಡ" ಅಂತ ಬಾಯಿ ಮುಚ್ಚಿಸುವ ಬದಲು, "ಯಾಕೆ ಹಾಗನ್ನಿಸ್ತು ಕಂದ?" ಅಂತ ಕೇಳಿ ನೋಡಿ.

ಮಗುವಾಗಲಿ, ದೊಡ್ಡವರಾಗಲಿ, ಮನೆಯಲ್ಲಿ ಯಾರು ತೀರಿಹೋದರೂ ಉಳಿದ ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿ ಟೀವಿ ಮುಂದೆ ಕೂರಿಸುತ್ತೇವೆ. ಅಪ್ಪ ತೀರಿಕೊಂಡಾಗ, ಊರಿಗೆ ಹೋಗಿದ್ದಾರೆ ಅಂದರೆ ಮಗು ದಿನಾ ಬಾಗಿಲು ಕಾಯುತ್ತದೆ. ನಿದ್ದೆ ಮಾಡ್ತಿದ್ದಾರೆ ಅಂದರೆ ಮಲಗುವುದಕ್ಕೇ ಹೆದರುತ್ತದೆ. "ಅಪ್ಪ ತೀರಿಹೋದರು, ಅವರ ದೇಹ ಕೆಲಸ ನಿಲ್ಲಿಸಿತು, ಇನ್ನು ಬರುವುದಿಲ್ಲ" ಅಂತಲೇ ಹೇಳಬೇಕು. ಐದು ವರ್ಷದೊಳಗಿನ ಮಕ್ಕಳಿಗೆ "ಇನ್ನು ಬರುವುದಿಲ್ಲ" ಅನ್ನುವುದು ಅರ್ಥವಾಗುವುದು ಕಷ್ಟ. ಅದಕ್ಕೇ ಮತ್ತೆ ಮತ್ತೆ ಕೇಳುತ್ತಾರೆ, ನಾವೂ ಮತ್ತೆ ಮತ್ತೆ ಹೇಳಬೇಕು. ಹತ್ತು ನಿಮಿಷ ಅತ್ತು ಆಮೇಲೆ ಆಡಲು ಓಡಿದರೆ "ಇದಕ್ಕೇನೂ ಗೊತ್ತಾಗಲ್ಲ ಬಿಡಿ" ಅನ್ನಬೇಡಿ. ಮಕ್ಕಳ ದುಃಖ ಹಾಗೇ ಬಿಟ್ಟು ಬಿಟ್ಟು ಬರುತ್ತದೆ. ಕೊನೆಯ ದರ್ಶನ ಬೇಕಾ ಅಂತ ಕೇಳಿ, ಬೇಕು ಅಂದರೆ ಏನು ಕಾಣುತ್ತೆ ಅಂತ ಮೊದಲೇ ತಿಳಿಸಿ, ಕೈ ಹಿಡಿದು ಕರೆದೊಯ್ಯಿರಿ. ತಿಥಿಯ ದಿನ ಒಂದು ಹೂವಾದರೂ ಅದರ ಕೈಯಿಂದ ಇಡಿಸಿ. ದಯವಿಟ್ಟು ಎಂಟು ವರ್ಷದ ಹುಡುಗನಿಗೆ "ಇನ್ಮೇಲೆ ನೀನೇ ಮನೆ ಯಜಮಾನ" ಅನ್ನಬೇಡಿ. ಅಮ್ಮ ಮಗುವಿನ ಎದುರಿಗೆ ಅತ್ತರೆ ತಪ್ಪೇನಿಲ್ಲ. ಯಾಕೆ ಅಳುತ್ತಿದ್ದೀನಿ ಅಂತ ಹೇಳಿದರೆ ಸಾಕು.

ಹಾಸಿಗೆ ಒದ್ದೆ ಮಾಡುವುದು, ಹೊಟ್ಟೆನೋವು, ಶಾಲೆ ಬೇಡ ಅನ್ನುವುದು ಸ್ವಲ್ಪ ದಿನ ಇರಬಹುದು. ವಾರಗಟ್ಟಲೆ ಹೋಗದಿದ್ದರೆ, ಅಥವಾ ಮಗು ತಾನೂ ಸಾಯಬೇಕು ಅಂದರೆ ಕಾಯಬೇಡಿ. ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ 14416, ಹಗಲೂ ರಾತ್ರಿ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಇನ್ನೊಂದು ಸಲ ಹೇಳುತ್ತೇನೆ, ಬರೆದುಕೊಳ್ಳಿ: 14416, 1098. ನಮಸ್ಕಾರ.