ಕೋಟಿ ಕೊಟ್ರೂ ಸಿಗದ ಕಲ್ಲು, ಸಿಕ್ಕಿದ್ರೂ ಕೋಟಿ ಬಾಳದ ಕಲ್ಲು

ನಮಸ್ಕಾರ ಎಲ್ರಿಗೂ, ಹೇಗಿದೀರಾ? ನಾವೀಗ ವಾಷಿಂಗ್ಟನ್ ಡಿಸಿಲಿ ಸ್ಮಿತ್ಸೋನಿಯನ್ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಒಳಗಿದೀವಿ. ಕೆಳಗೆ ಹಾಲ್‌ನಲ್ಲಿ ದೊಡ್ಡ ಆನೆ ನಿಲ್ಲಿಸಿದಾರಲ್ಲ, ಅದರ ಸುತ್ತ ಫೋಟೋ ತೆಗೆಸ್ಕೊಳ್ಳೋರ ಜಾತ್ರೆ ನಡೀತಿತ್ತು, ನಾವು ಅಲ್ಲಿ ನಿಲ್ಲದೆ ಸೀದಾ ಎರಡನೇ ಫ್ಲೋರ್‌ಗೆ ಬಂದ್ಬಿಟ್ವಿ, ಯಾಕಂದ್ರೆ ಜೊತೇಲಿ ಅಮ್ಮ ಇದಾರೆ, ಹಾಸನದಿಂದ ಬಂದಿದಾರೆ, ಅವರಿಗೆ ಡೈನೋಸಾರ್ ಗೀನೋಸಾರ್ ಏನೂ ಬೇಡವಂತೆ, "ಮೊದಲು ವಜ್ರ ತೋರ್ಸು, ಕಾಲು ನೋವು ಶುರುವಾಗೋಕೆ ಮುಂಚೆ" ಅಂದ್ರು.

ಸೋ ಇಲ್ನೋಡಿ. ರೂಮ್ ಮಧ್ಯದಲ್ಲಿ ದಪ್ಪ ಗಾಜಿನ ಪೆಟ್ಟಿಗೆ, ಒಳಗೆ ಸಣ್ಣ ಪೀಠ, ಅದು ನಿಧಾನಕ್ಕೆ ತಿರುಗ್ತಾ ಇರತ್ತೆ. ಅದರ ಮೇಲಿರೋದೇ ಹೋಪ್ ಡೈಮಂಡ್. 45.52 ಕ್ಯಾರಟ್. ಕ್ಯಾರಟ್ ಅಂದ್ರೆ ಇಲ್ಲಿ ಕಲ್ಲಿನ ತೂಕ, ಐದು ಕ್ಯಾರಟ್‌ಗೆ ಒಂದು ಗ್ರಾಂ. ಸುತ್ತ ಹದಿನಾರು ಬಿಳಿ ವಜ್ರ, ಚೈನ್ ಪೂರ್ತಿ ಮತ್ತೆ ವಜ್ರಾನೇ. ಅಮ್ಮ ಕನ್ನಡಕ ಸರಿ ಮಾಡ್ಕೊಂಡು ನೋಡಿ ಹೇಳಿದ ಮೊದಲ ಮಾತು, "ಇದೇನೋ ಮಗ, ಇಷ್ಟು ಕಪ್ಪಗಿದೆ?" ನಿಜ ಹೇಳ್ಬೇಕಂದ್ರೆ ಅವರು ಹೇಳಿದ್ದು ಕರೆಕ್ಟೇ. ಫೋಟೋದಲ್ಲಿ ಕಾಣೋ ಮಿರಿಮಿರಿ ನೀಲಿ ಅಲ್ಲ ಇದು, ಬೂದು ಬೆರೆತ ಕಡು ನೀಲಿ, ಪೀಠ ತಿರುಗಿ ಒಂದು ಕೋನಕ್ಕೆ ಬಂದಾಗ ಮಾತ್ರ ಒಳಗಿಂದ ನೀಲಿ ಪಟ್ ಅಂತ ಹೊಡೆಯತ್ತೆ, ಆಮೇಲೆ ಮತ್ತೆ ಕಪ್ಪು. ಆ ಒಂದು ಕ್ಷಣಕ್ಕೋಸ್ಕರ ಎಲ್ರೂ ಫೋನ್ ಎತ್ತಿ ಹಿಡ್ಕೊಂಡು ಕಾಯ್ತಾ ಇದಾರೆ.

ಈಗ ಇಂಟರೆಸ್ಟಿಂಗ್ ವಿಷಯ, ಈ ಕಲ್ಲು ನಮ್ಮ ಕಡೇದು. ಇದು ಹುಟ್ಟಿದ್ದು ಕೊಲ್ಲೂರು ಗಣಿಯಲ್ಲಿ ಅಂತ ಹೇಳ್ತಾರೆ. ಮೂಕಾಂಬಿಕೆ ಕೊಲ್ಲೂರಲ್ಲ ಮತ್ತೆ, ಆಂಧ್ರದ ಕೊಲ್ಲೂರು, ಕೃಷ್ಣಾ ನದಿ ದಂಡೆ. ನಮ್ಮ ಆಲಮಟ್ಟಿ, ನಾರಾಯಣಪುರ, ರಾಯಚೂರು ಎಲ್ಲಾ ದಾಟ್ಕೊಂಡು ಹೋಗತ್ತಲ್ಲ, ಅದೇ ಕೃಷ್ಣೆ. ಗೋಲ್ಕೊಂಡ ವಜ್ರ ಅಂತ ಹೆಸರು ಬಂದಿದ್ದು ಗೋಲ್ಕೊಂಡ ಕೋಟೆಯಲ್ಲಿ ಅಗೆದಿದ್ದಕ್ಕಲ್ಲ, ಈ ನದಿ ಬಯಲಲ್ಲಿ ಸಿಕ್ಕಿದ್ದು ಅಲ್ಲಿಗೆ ಬಂದು ಮಾರಾಟ ಆಗ್ತಿತ್ತು ಅದಕ್ಕೆ. ಹದಿನೆಂಟನೇ ಶತಮಾನದ ಮೊದಲ ಭಾಗದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗೋವರೆಗೂ ಪ್ರಪಂಚಕ್ಕೆಲ್ಲಾ ವಜ್ರ ಹೋಗ್ತಿದ್ದದ್ದು ಹೆಚ್ಚುಕಮ್ಮಿ ಇಂಡಿಯಾದಿಂದಾನೇ. ಹಂಪಿ ಬಜಾರಲ್ಲಿ ಮುತ್ತು ರತ್ನ ಬಳ್ಳದಲ್ಲಿ ಅಳೀತಿದ್ರು ಅಂತ ಸ್ಕೂಲಲ್ಲಿ ಓದಿದೀವಲ್ಲ, ಬಳ್ಳ ಸ್ವಲ್ಪ ಜಾಸ್ತಿ ಆಯ್ತು ಅನ್ಕೊಂಡ್ರೂ ವಿಜಯನಗರಕ್ಕೆ ಬಂದ ಪೋರ್ಚುಗೀಸರು ಅಲ್ಲಿನ ವಜ್ರದ ವ್ಯಾಪಾರ ನೋಡಿ ಬರೆದಿಟ್ಟಿರೋದಂತೂ ಸುಳ್ಳಲ್ಲ. ಈಗ ಆ ಕೊಲ್ಲೂರು ಗಣಿ ಪುಲಿಚಿಂತಲ ಡ್ಯಾಂ ನೀರಿನ ಕೆಳಗಿದೆ.

ಟಾವರ್ನಿಯೇ ಅಂತ ಒಬ್ಬ ಫ್ರೆಂಚ್ ವ್ಯಾಪಾರಿ ಈ ಕಲ್ಲನ್ನ ತಗೊಂಡೋಗಿ 1668ರಲ್ಲಿ ಹದಿನಾಲ್ಕನೇ ಲೂಯಿ ರಾಜನಿಗೆ ಮಾರ್ದ. ಆಗ ಇದು 112 ಕ್ಯಾರಟ್ ಮೇಲಿತ್ತು. ರಾಜ ಅದನ್ನ ಮತ್ತೆ ಕಟ್ ಮಾಡ್ಸಿ 67 ಕ್ಯಾರಟ್ ಚಿಲ್ಲರೆಗೆ ಇಳಿಸ್ದ, ಅಂದ್ರೆ ಹತ್ರತ್ರ ಅರ್ಧ ಪುಡಿಯಾಗಿ ಹೋಯ್ತು, ಅಮ್ಮಂಗೆ ಇದನ್ನ ಹೇಳಿದ್ರೆ "ಅಯ್ಯೋ ಹಾಳಾದೋನು" ಅಂತ ಲೂಯಿಗೆ ಬೈದ್ರು. 1792ರಲ್ಲಿ ಫ್ರೆಂಚ್ ಕ್ರಾಂತಿ ಗಲಾಟೆಯಲ್ಲಿ ಖಜಾನೆ ಲೂಟಿ ಆಯ್ತು, ಕಲ್ಲು ಮಾಯ. ಸರಿಯಾಗಿ ಇಪ್ಪತ್ತು ವರ್ಷ ಮುಗಿದ ಮೇಲೆ, 1812ರಲ್ಲಿ, ಲಂಡನ್‌ನಲ್ಲಿ ಒಬ್ಬ ವ್ಯಾಪಾರಿ ಹತ್ರ 45 ಕ್ಯಾರಟ್ ಚಿಲ್ಲರೆಯ ನೀಲಿ ವಜ್ರ ಕಾಣಿಸ್ಕೊಳ್ತು. ಇಪ್ಪತ್ತೇ ವರ್ಷ ಯಾಕೆ ಅಂದ್ರೆ ಫ್ರಾನ್ಸ್ ಕಾನೂನಲ್ಲಿ ಅಷ್ಟು ವರ್ಷ ಕಳೆದ್ರೆ ಆ ಕಳ್ಳತನದ ಕೇಸ್ ನಡೆಸೋ ಹಾಗಿಲ್ಲ! ಕಳ್ಳರು ಎಷ್ಟು ತಾಳ್ಮೆ ನೋಡಿ. ಎರಡೂ ಒಂದೇ ಕಲ್ಲು ಅಂತ ಗಟ್ಟಿಯಾಗಿದ್ದು ತೀರಾ ಇತ್ತೀಚೆಗೆ, 2007ರಲ್ಲಿ ಪ್ಯಾರಿಸ್ ಮ್ಯೂಸಿಯಂನ ಡ್ರಾಯರ್‌ನಲ್ಲಿ ಆ ಹಳೇ ಫ್ರೆಂಚ್ ಕಲ್ಲಿನ ಸೀಸದ ಅಚ್ಚು ಸಿಕ್ಕಿದ್ಮೇಲೆ.

ಈ ವಜ್ರ ಇಟ್ಕೊಂಡೋರಿಗೆಲ್ಲಾ ಕೇಡಾಗತ್ತೆ ಅನ್ನೋ ಶಾಪದ ಕಥೆ ಎಷ್ಟೋ ಜನಕ್ಕೆ ಗೊತ್ತಿರತ್ತೆ. ಅಮ್ಮನೂ ಅದನ್ನೇ ಹಿಡ್ಕೊಂಡ್ರು, "ನೀಲಿ ಕಲ್ಲು ಎಲ್ರಿಗೂ ಆಗಿಬರಲ್ಲ ಕಣೋ, ಶನಿ ಕಲ್ಲು ಅದು" ಅಂತ. ಅಮ್ಮಾ, ಅದು ನೀಲ, ಇದು ವಜ್ರ, ಇದಕ್ಕೆ ಶುಕ್ರ ಲೆಕ್ಕ ಅಂದೆ, ಒಪ್ಪಲಿಲ್ಲ ಬಿಡಿ. ಶಾಪದ ಕಥೆಗೆ ಉಪ್ಪು ಖಾರ ಹಾಕಿದ್ದು ಜಾಸ್ತಿ ಪೇಪರ್‌ನವರು ಮತ್ತೆ ಮಾರೋಕೆ ನಿಂತಿದ್ದ ಒಡವೆ ವ್ಯಾಪಾರಿ ಕಾರ್ಟಿಯೇ. 1911ರಲ್ಲಿ ಇದನ್ನ ಕೊಂಡ ಅಮೆರಿಕದ ಶ್ರೀಮಂತೆ ಎವಲಿನ್ ಮೆಕ್ಲೀನ್ ಬೇರೆಯವರಿಗೆ ಕೆಟ್ಟದ್ದಾಗೋ ವಸ್ತು ನನಗೆ ಒಳ್ಳೇದೇ ಮಾಡತ್ತೆ ಅಂತಿದ್ಳಂತೆ, ಒಮ್ಮೊಮ್ಮೆ ನಾಯಿ ಕೊರಳಿಗೂ ಹಾಕ್ತಿದ್ಳಂತೆ. ಕೊನೆಗೆ ಹ್ಯಾರಿ ವಿನ್ಸ್ಟನ್ ಅನ್ನೋ ಅಮೆರಿಕದ ಒಡವೆ ವ್ಯಾಪಾರಿ ಕೈಗೆ ಬಂತು, ಅವರು 1958ರಲ್ಲಿ ಮ್ಯೂಸಿಯಂಗೆ ದಾನ ಕೊಟ್ರು, ಹೇಗೆ ಕಳಿಸಿದ್ರು ಹೇಳಿ ನೋಡೋಣ? ರಿಜಿಸ್ಟರ್ಡ್ ಪೋಸ್ಟ್! ಬ್ರೌನ್ ಕಾಗದ ಸುತ್ತಿ, ಸ್ಟಾಂಪ್ ಖರ್ಚು 2 ಡಾಲರ್ 44 ಸೆಂಟ್, ಮಿಕ್ಕಿದ್ದು ಇನ್ಶೂರೆನ್ಸ್, ಒಟ್ಟು 145 ಡಾಲರ್ 29 ಸೆಂಟ್. ಪೋಸ್ಟ್‌ಮ್ಯಾನ್ ತಂದು ಕೈಗೆ ಕೊಟ್ಟು ಹೋದ.

ನೀಲಿ ಬಣ್ಣಕ್ಕೆ ಕಾರಣ ಬೋರಾನ್ ಅನ್ನೋ ಮೂಲವಸ್ತು. ಲಕ್ಷಾಂತರ ಕಾರ್ಬನ್ ಪರಮಾಣುಗಳ ಮಧ್ಯೆ ಒಂದೋ ಎರಡೋ ಬೋರಾನ್ ಸೇರ್ಕೊಂಡಿದ್ರೆ ಸಾಕು. ಆದ್ರೆ ಬೋರಾನ್ ಸಾಮಾನ್ಯವಾಗಿ ಭೂಮಿ ಮೇಲ್ಪದರದಲ್ಲೇ ಇರೋ ವಸ್ತು, ಅಷ್ಟು ಆಳಕ್ಕೆ ಹೇಗೆ ಹೋಯ್ತು ಅನ್ನೋದೇ ದೊಡ್ಡ ತಲೆನೋವಾಗಿತ್ತು. 2018ರಲ್ಲಿ ಬಂದ ಒಂದು ಸ್ಟಡಿ ಪ್ರಕಾರ ಇಂಥ ನೀಲಿ ವಜ್ರಗಳು 660 ಕಿಲೋಮೀಟರ್‌ಗಿಂತ ಕೆಳಗೆ ಹುಟ್ಟಿವೆ, ಮಾಮೂಲಿ ವಜ್ರ 150-200 ಕಿಲೋಮೀಟರ್ ಆಳದ್ದು. ಹಳೇ ಸಮುದ್ರದ ತಳ ಭೂಮಿ ಒಳಕ್ಕೆ ಜಾರ್ಕೊಂಡು ಹೋಗುವಾಗ ಬೋರಾನ್ ಕೂಡ ಎಳ್ಕೊಂಡು ಹೋಗಿದೆ ಅನ್ನೋದು ಅವರ ವಾದ. ಇನ್ನೊಂದು, ಈ ಕಲ್ಲಿಗೆ ಯುವಿ, ಅಂದ್ರೆ ಕಣ್ಣಿಗೆ ಕಾಣದ ಅತಿನೇರಳೆ ಲೈಟ್ ಬಿಟ್ಟು ಆಫ್ ಮಾಡಿದ್ರೆ ಸ್ವಲ್ಪ ಹೊತ್ತು ಕೆಂಡದ ಥರ ಕೆಂಪಗೆ ಹೊಳೆಯತ್ತೆ. ಅದನ್ನ ಇಲ್ಲಿ ನಮಗೆ ತೋರಿಸಲ್ಲ, ನಾನೂ ವಿಡಿಯೋದಲ್ಲೇ ನೋಡಿದ್ದು.

ಸರಿ, ಈಗ ನಿಮ್ಮ ತಲೇಲಿ ಇರೋ ಪ್ರಶ್ನೆ, ಹಾಗಾದ್ರೆ ಪ್ರಪಂಚದಲ್ಲಿ ಅತೀ ಅಪರೂಪದ ಕಲ್ಲು ಇದೇನಾ? ಅಲ್ಲ. ಹತ್ತಿರಕ್ಕೂ ಬರಲ್ಲ. ಅಪರೂಪದ ಕಲ್ಲೇ ದುಬಾರಿ ಕಲ್ಲು ಅಂತ ನಾವೆಲ್ಲಾ ಅನ್ಕೊಂಡಿರ್ತೀವಲ್ಲ, ಅದು ಪೂರ್ತಿ ನಿಜ ಅಲ್ಲವೇ ಅಲ್ಲ.

ಕ್ಯಾವ್‌ಥುಯೈಟ್ ಅಂತ ಒಂದಿದೆ. ಇಡೀ ಪ್ರಪಂಚದಲ್ಲಿ ಒಂದೇ ಒಂದು ಪೀಸ್. ಒಂದು ಜಾತಿಗೆ ಒಂದೇ ಕಲ್ಲು. 1.61 ಕ್ಯಾರಟ್, ಅಂದ್ರೆ ಒಂದು ಗ್ರಾಂನ ಮೂರನೇ ಒಂದು ಭಾಗವೂ ಇಲ್ಲ, ಕೆಂಪು ಕಿತ್ತಳೆ ಬಣ್ಣ. ಬರ್ಮಾದ ಮೊಗೊಕ್ ಹತ್ರ ಹಳ್ಳದ ಜಲ್ಲಿಯಲ್ಲಿ ಸಿಕ್ಕಿದ್ದು, ಹೊಸ ಖನಿಜ ಅಂತ ಅಧಿಕೃತವಾಗಿ ಒಪ್ಪಿಕೊಂಡಿದ್ದು 2015ರಲ್ಲಿ. ಈಗ ಲಾಸ್ ಏಂಜಲೀಸ್ ಮ್ಯೂಸಿಯಂನಲ್ಲಿದೆ. ಬೆಲೆ ಎಷ್ಟು? ಬೆಲೆಯೇ ಇಲ್ಲ ಸ್ವಾಮಿ! ಮಾರೋಕಿಲ್ಲ, ಕೊಳ್ಳೋರಿಲ್ಲ, ಹೋಲಿಸಿ ನೋಡೋಕೆ ಇನ್ನೊಂದಿಲ್ಲ. ರೇಟ್ ಅನ್ನೋದು ಹುಟ್ಟಬೇಕಂದ್ರೆ ಕನಿಷ್ಠ ನಾಲ್ಕು ಜನ ಮಾರ್ಬೇಕು, ಹತ್ತು ಜನ ಕೇಳ್ಬೇಕು.

ಅದೇ ಮೊಗೊಕ್‌ದು ಪೇನೈಟ್. ಆರ್ಥರ್ ಪೇನ್ ಅನ್ನೋ, ರತ್ನ ಸಂಗ್ರಹಿಸೋ ಬ್ರಿಟಿಷರೊಬ್ಬರಿಗೆ 1950ರ ದಶಕದ ಶುರುವಿನಲ್ಲಿ ಸಿಕ್ಕಿದ ಕಲ್ಲು, ಮಾಣಿಕ್ಯ ಇರಬೇಕು ಅನ್ಕೊಂಡಿದ್ರು, ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟ ಮೇಲೆ ಟೆಸ್ಟ್ ಮಾಡಿದ್ರೆ ಯಾವ ಲಿಸ್ಟಲ್ಲೂ ಇಲ್ಲದ ಖನಿಜ. ಝಿರ್ಕೋನಿಯಂ ಅನ್ನೋ ಲೋಹ ಮತ್ತೆ ಬೋರಾನ್ ಎರಡೂ ಇದೆ ಇದರಲ್ಲಿ, ಪ್ರಕೃತೀಲಿ ಇವೆರಡೂ ಒಟ್ಟಿಗೆ ಕೂರೋದೇ ಅಪರೂಪ, ಎಣ್ಣೆ ಸೀಗೆಕಾಯಿ ಸಂಬಂಧ. ದಶಕಗಟ್ಟಲೆ ಕೈಬೆರಳಲ್ಲಿ ಎಣಿಸೋಷ್ಟೇ ಇತ್ತು, 2005ರಲ್ಲಿ ಗಿನ್ನೆಸ್‌ನವರು ಅತೀ ಅಪರೂಪದ ರತ್ನ ಖನಿಜ ಅಂತ ಹಾಕಿದ್ರು. ಆಮೇಲೆ ಮೊಗೊಕ್ ಸುತ್ತ ಅದರ ಮೂಲ ಸಿಕ್ತು, ಈಗ ತುಂಡುಗಳು ಸಾವಿರದ ಲೆಕ್ಕದಲ್ಲಿವೆ, ಆದ್ರೆ ಬಹಳಷ್ಟು ಮಬ್ಬು, ಬಿರುಕು, ಉಂಗುರಕ್ಕೆ ಕೂರಿಸೋ ಹಾಗೆ ಕ್ಲೀನಾಗಿ ಕಟ್ ಆಗೋದು ತೀರಾ ಕಮ್ಮಿ. ಇಷ್ಟೆಲ್ಲಾ ಇದ್ರೂ ಒಂದು ಒಳ್ಳೇ ಪಿಂಕ್ ವಜ್ರದ ಕ್ಯಾರಟ್ ರೇಟ್ ಹತ್ರ ಪೇನೈಟ್ ಸುಳಿಯೋದೂ ಇಲ್ಲ.

ಟಾಫೈಟ್ ಕಥೆ ಇನ್ನೂ ಮಜಾ. 1945ರಲ್ಲಿ ಡಬ್ಲಿನ್‌ನಲ್ಲಿ ರಿಚರ್ಡ್ ಟಾಫೆ ಅನ್ನೋರು ಒಬ್ಬ ಒಡವೆ ವ್ಯಾಪಾರಿಯ ಹಳೇ ಕಲ್ಲುಗಳನ್ನ ಕೆದಕ್ತಾ ಇದ್ರು, ಅದರಲ್ಲೊಂದು ತಿಳಿ ನೇರಳೆ ಕಲ್ಲು, ಸ್ಪಿನೆಲ್ ಅನ್ನೋ ಬೇರೆ ರತ್ನ ಇರಬೇಕು ಅನ್ಕೊಂಡು ಲೆನ್ಸ್ ಇಟ್ಟು ನೋಡಿದ್ರೆ ಒಳಗಿನ ಗೆರೆಗಳೆಲ್ಲಾ ಎರಡೆರಡಾಗಿ ಕಾಣ್ತಿವೆ. ಸ್ಪಿನೆಲ್‌ನಲ್ಲಿ ಹಾಗಾಗಲ್ಲ. ಲಂಡನ್ ಲ್ಯಾಬ್‌ಗೆ ಕಳಿಸಿದ್ರು, ಹೊಸ ಖನಿಜ! ಗಣಿಯಲ್ಲಿ ಸಿಗೋಕೆ ಮುಂಚೆ ಕಟ್ ಆಗಿ ಪಾಲಿಶ್ ಆಗಿ ಅಂಗಡೀಲಿ ಸಿಕ್ಕ ಮೊದಲ ಖನಿಜ ಇದು. ಈ ಹೆಸರನ್ನ ನಿಮ್ಮೂರ ಆಚಾರಿ ಹತ್ರ ಹೇಳಿ ನೋಡಿ, ಮುಖ ನೋಡ್ತಾರೆ. ಅಲ್ಲೇ ಇರೋದು ಪಾಯಿಂಟು. ನಮ್ಮ ನವರತ್ನದಲ್ಲಿ ಮಾಣಿಕ್ಯ, ಪಚ್ಚೆ, ನೀಲ, ವಜ್ರ ಇವೆ, ಅವನ್ನ ಸಾವಿರಾರು ವರ್ಷದಿಂದ ರಾಜರು ಹಾಕ್ಕೊಂಡಿದಾರೆ, ದೇವರಿಗೆ ಏರಿಸಿದಾರೆ, ಜೋಯಿಸರು ಬೆರಳಿಗೆ ಬರ್ಕೊಟ್ಟಿದಾರೆ. ಪೇನೈಟ್‌ಗೆ ಯಾವ ಗ್ರಹ ಇದೆ ಹೇಳಿ? ದುಡ್ಡಿರೋರಿಗೆ ಬೇಕಾಗಿರೋದು ಪಕ್ಕದವರಿಗೂ ಹೆಸರು ಗೊತ್ತಿರೋ ಕಲ್ಲು, ನನ್ನ ಅಭಿಪ್ರಾಯ ಇಷ್ಟೇ, ಬೇಕಾದ್ರೆ ಜಗಳ ಆಡಿ.

ದುಬಾರಿ ಅಂದ್ರೆ ಎಷ್ಟು ದುಬಾರಿ ಅಂತ ಕೇಳಿ. ಪಿಂಕ್ ಸ್ಟಾರ್ ಅಂತ ವಜ್ರ, 59.60 ಕ್ಯಾರಟ್, ತೂಕ ಸುಮಾರು ಹನ್ನೆರಡು ಗ್ರಾಂ. 2013ರಲ್ಲಿ ಹರಾಜಲ್ಲಿ 83 ಮಿಲಿಯನ್ ಡಾಲರ್‌ಗೆ ಕೂಗಿದ್ರು, ಆಮೇಲೆ ಕೊಂಡೋರು ದುಡ್ಡೇ ಕಟ್ಟಲಿಲ್ಲ. ವಾಪಸ್ ಬಂತು. 2017ರಲ್ಲಿ ಹಾಂಗ್ ಕಾಂಗ್‌ನಲ್ಲಿ ಮತ್ತೆ ಹರಾಜು, 71.2 ಮಿಲಿಯನ್, ಆಗಿನ ಲೆಕ್ಕಕ್ಕೆ 460 ಕೋಟಿ ರೂಪಾಯಿ ಆಸುಪಾಸು. ಕ್ಯಾರಟ್ ಲೆಕ್ಕದಲ್ಲಿ ಅದನ್ನೂ ಮೀರಿಸಿದ್ದು ವಿಲಿಯಮ್ಸನ್ ಪಿಂಕ್ ಸ್ಟಾರ್, ಬರೀ 11.15 ಕ್ಯಾರಟ್, 2022ರಲ್ಲಿ 57.7 ಮಿಲಿಯನ್. ಒಂದೊಂದು ಕ್ಯಾರಟ್‌ಗೆ ಐದು ಮಿಲಿಯನ್ ಡಾಲರ್ ಮೇಲೆ ಬಿತ್ತು.

ಪಿಂಕ್ ಬಣ್ಣಕ್ಕೆ ಬೋರಾನ್ ಥರ ಯಾವ ಕಲಬೆರಕೆನೂ ಕಾರಣ ಅಲ್ಲ, ಭೂಮಿ ಒಳಗಿನ ಒತ್ತಡಕ್ಕೆ ವಜ್ರದ ಪದರಗಳು ತಿರುಚಿ ಜಾರಿ ಬಂದ ಬಣ್ಣ ಅದು. ಸ್ವಲ್ಪ ತಿರುಚಿದ್ರೆ ಪಿಂಕ್, ಜಾಸ್ತಿ ಆದ್ರೆ ಬ್ರೌನ್. ಆಸ್ಟ್ರೇಲಿಯಾದ ಆರ್ಗೈಲ್ ಗಣಿಯಿಂದ ಬರ್ತಿದ್ದದ್ದು ಮುಕ್ಕಾಲು ಪಾಲು ಬ್ರೌನ್ ಚೂರುಗಳು, ಅವೆಲ್ಲಾ ಪಾಲಿಶ್‌ಗೆ ನಮ್ಮ ಸೂರತ್‌ಗೆ ಬರ್ತಿತ್ತು, ಸಣ್ಣ ಸಣ್ಣ ವಜ್ರದ ಒಡವೆ ಮಧ್ಯಮ ವರ್ಗದ ಕೈಗೆ ಸಿಗೋ ಹಾಗಾಗಿದ್ದಕ್ಕೆ ಅದೂ ಒಂದು ಕಾರಣ. ಪ್ರಪಂಚದ ಪಿಂಕ್ ವಜ್ರಗಳಲ್ಲಿ 90 ಪರ್ಸೆಂಟ್ ಮೇಲೆ ಅದೊಂದೇ ಗಣೀದು. 2020ರ ನವೆಂಬರ್‌ನಲ್ಲಿ ಮುಚ್ಚಿದ್ರು.

ಕೆಂಪು ವಜ್ರ ಅಂದ್ರೆ ಪಿಂಕೇ ತುಂಬಾ ಗಾಢ ಆಗಿರೋದು, ಇಲ್ಲೇ ಇದೆ ಬನ್ನಿ. ಇದು ಡಿಯಂಗ್ ರೆಡ್, 5.03 ಕ್ಯಾರಟ್. ಬಾಸ್ಟನ್‌ನ ಜ್ಯುವೆಲರ್ ಒಬ್ಬರು ಯಾರದೋ ಮನೆಯ ಹಳೇ ಒಡವೆಗಳನ್ನ ಲಾಟಾಗಿ ಕೊಂಡಾಗ ಒಂದು ಹ್ಯಾಟ್ ಪಿನ್‌ನಲ್ಲಿ ಇದಿತ್ತು, ಗಾರ್ನೆಟ್ ಅನ್ನೋ ಕಮ್ಮಿ ಬೆಲೆಯ ಕೆಂಪು ಕಲ್ಲು ಅಂತ ಲೆಕ್ಕ ಹಾಕಿದ್ರಂತೆ ಮೊದಲು. ಗ್ಲಾಸ್ ಹತ್ರ ಬಂದು ನೋಡಿ, ಕಂದು ಬೆರೆತ ಕೆಂಪು, ದಾರೀಲಿ ಬಿದ್ದಿದ್ರೆ ನಾನಂತೂ ಬಗ್ಗಿ ಎತ್ಕೊಳ್ತಿರಲಿಲ್ಲ. ಅಮ್ಮ "ದಾಳಿಂಬೆ ಬೀಜ" ಅಂತ ಹೇಳಿ ಮುಂದಕ್ಕೆ ಹೋದ್ರು. 2025ರ ಏಪ್ರಿಲ್‌ನಿಂದ ಇನ್ನೊಂದೂ ಇಟ್ಟಿದಾರೆ, ವಿನ್ಸ್ಟನ್ ರೆಡ್, 2.33 ಕ್ಯಾರಟ್, ಅದು ಮಾತ್ರ ನಿಜವಾದ ಕೆಂಪು.

ಅಮ್ಮ ಎಲ್ಲಿ ಅಂತ ಹುಡುಕಿದ್ರೆ ಮಾಣಿಕ್ಯದ ಮುಂದೆ ನಿಂತಿದಾರೆ. ಕಾರ್ಮೆನ್ ಲೂಸಿಯಾ, 23.1 ಕ್ಯಾರಟ್, ಬರ್ಮಾ ಮಾಣಿಕ್ಯ. ಇದಕ್ಕೆ ಯಾರೂ ವಿವರಣೆ ಕೊಡೋದೇ ಬೇಡ, ನೋಡಿದ ತಕ್ಷಣ ಗೊತ್ತಾಗತ್ತೆ. ಮೊಗೊಕ್‌ನಲ್ಲಿ ಮಾಣಿಕ್ಯ ಹುಟ್ಟೋದು ಅಮೃತಶಿಲೆಯಲ್ಲಿ, ಅಲ್ಲಿ ಕಬ್ಬಿಣದ ಅಂಶ ಕಮ್ಮಿ, ಹಾಗಾಗಿ ಬಿಸಿಲಲ್ಲಿರೋ ಯುವಿಗೆ ಕಲ್ಲೇ ಒಳಗಿಂದ ಕೆಂಪು ಬೆಳಕು ಬಿಡತ್ತೆ, ಪಾರಿವಾಳದ ರಕ್ತ ಅನ್ನೋ ಬಣ್ಣ ಬರೋದು ಹಾಗೆ. ಸನ್‌ರೈಸ್ ರೂಬಿ ಅನ್ನೋ 25.59 ಕ್ಯಾರಟ್ ಬರ್ಮಾ ಕಲ್ಲು 2015ರಲ್ಲಿ 30.3 ಮಿಲಿಯನ್ ಡಾಲರ್‌ಗೆ ಹೋಯ್ತು, ಅದರ ದಾಖಲೆ ಮುರಿದಿದ್ದು ಮೊಜಾಂಬಿಕ್‌ದು, ಎಸ್ಟ್ರೆಲಾ ಡಿ ಫುರಾ, 55.22 ಕ್ಯಾರಟ್, 2023ರಲ್ಲಿ 34.8 ಮಿಲಿಯನ್.

ಪಕ್ಕದಲ್ಲೇ ಸ್ಟಾರ್ ರೂಬಿ, ರಾಸರ್ ರೀವ್ಸ್ ಅಂತ ಹೆಸರು, 138.7 ಕ್ಯಾರಟ್, ಶ್ರೀಲಂಕಾದ್ದು. ಮೇಲೆ ಆರು ಕಾಲಿನ ನಕ್ಷತ್ರ ಕಾಣತ್ತಾ? ಒಳಗಿರೋ ರೂಟೈಲ್ ಅನ್ನೋ ಖನಿಜದ ಸೂಜಿಯಂಥ ಎಳೆಗಳು ಮೂರು ದಿಕ್ಕಿಗೆ ಜೋಡಿಸ್ಕೊಂಡಿರೋದ್ರಿಂದ ಬೆಳಕು ಹಾಗೆ ಗೆರೆ ಕಟ್ಟತ್ತೆ. ಇಂಥ ಸ್ಟಾರ್ ರೂಬಿ ನಮ್ಮ ಮೈಸೂರು ಕಡೇನೂ ಸಿಗತ್ತೆ. ನಮ್ಮದು ಬೆಳಕೇ ತೂರದ ಹಾಗೆ ಗಟ್ಟಿ ಮರೂನ್, ಇದರ ಥರ ತಿಳಿ ಅಲ್ಲ, ಅದಕ್ಕೇ ಬೆಲೇನೂ ಅಷ್ಟಕ್ಕಷ್ಟೇ. ಅಮ್ಮ ಕೈಯಲ್ಲಿರೋ ಉಂಗುರ ಅದೇನೇ, ತೋರ್ಸಮ್ಮ ಕ್ಯಾಮೆರಾಗೆ. "ಬೇಡ ಸುಮ್ನಿರೋ, ಸೆಕ್ಯೂರಿಟಿಯವನು ನೋಡ್ತಿದಾನೆ."

ಕೊನೆಗೆ ಕಲ್ಲು ತಗೊಳ್ಳೋ ಪ್ಲಾನ್ ಇರೋರಿಗೆ ಒಂದು ಮಾತು. ಮಾಣಿಕ್ಯ, ನೀಲ ಇವನ್ನ ಕಾಯಿಸಿ ಬಣ್ಣ ಏರಿಸೋದು ಮಾಮೂಲಿ, ಮೋಸ ಅಲ್ಲ, ಆದ್ರೆ ಕಾಯಿಸದೇ ಇರೋ ಒಳ್ಳೇ ಕಲ್ಲಿಗೆ ರೇಟ್ ಬಹಳ ಬಹಳ ಜಾಸ್ತಿ, ಅದಕ್ಕೆ ರತ್ನ ಪರೀಕ್ಷೆ ಮಾಡೋ ಜಿಐಎ ಥರದ ಸಂಸ್ಥೆಯ ಲ್ಯಾಬ್ ರಿಪೋರ್ಟ್ ಇಲ್ದೆ ಬಾಯಿಮಾತು ನಂಬಬೇಡಿ. ಅಲೆಕ್ಸಾಂಡ್ರೈಟ್ ಅಂತ ಒಂದಿದೆ, ನಮ್ಮ ವೈಡೂರ್ಯದ ಜಾತೀದೇ, ಹಗಲಲ್ಲಿ ಹಸಿರು, ಹಳೇ ಬಲ್ಬ್ ಬೆಳಕಲ್ಲಿ ಕೆಂಪು. ಆನ್‌ಲೈನ್‌ನಲ್ಲಿ ಅದೇ ಹೆಸರಲ್ಲಿ ಕಮ್ಮಿ ರೇಟ್‌ಗೆ ಸಿಗತ್ತೆ, ಎಷ್ಟೋ ಸಲ ಅದು ಫ್ಯಾಕ್ಟರೀಲಿ ಮಾಡಿದ ಕೊರಂಡಮ್, ಅಂದ್ರೆ ಮಾಣಿಕ್ಯ, ನೀಲದ ಖನಿಜಾನೇ, ಅದಕ್ಕೆ ವನೇಡಿಯಂ ಅನ್ನೋ ಲೋಹ ಹಾಕಿ ಬಣ್ಣ ಬದಲಾಗೋ ಹಾಗೆ ಮಾಡಿರ್ತಾರೆ. ಅದು ನೀಲಿಯಿಂದ ನೇರಳೆಗೆ ತಿರುಗತ್ತೆ, ಹಸಿರು ಕಾಣೋದೇ ಇಲ್ಲ, ಅಷ್ಟು ನೋಡ್ಕೊಂಡ್ರೆ ಅರ್ಧ ಟೋಪಿ ತಪ್ಪತ್ತೆ.

ಇಲ್ಲಿಗೆ ಬರೋರಿಗೆ, ಎಂಟ್ರಿ ಫ್ರೀ, ಟಿಕೆಟ್ ಗಿಕೆಟ್ ಏನಿಲ್ಲ, ಡಿಸೆಂಬರ್ 25 ಬಿಟ್ರೆ ದಿನಾ ಬೆಳಿಗ್ಗೆ ಹತ್ತಕ್ಕೆ ತೆಗೀತಾರೆ, ವೀಕೆಂಡ್ ಮಾತ್ರ ಬರಬೇಡಿ. ಅಮ್ಮಂಗೆ ಕಾಲು ನೋವು ಶುರುವಾಗಿದೆ, ಬೆಂಚ್ ಹುಡುಕ್ತೀನಿ, ಡೈನೋಸಾರ್ ಪಾರ್ಟ್ ಎರಡನೇ ವಿಡಿಯೋದಲ್ಲಿ.