ಕಾಸರಗೋಡಿನ ಮಳೆಯೂ ಅಡುಗೆಸೊಪ್ಪಿನ ಚಟ್ಟಿಯೂ

ಮಾನ್ಯರೇ,

ಅಡುಗೆಗೆ ಬೇಕಾದ ಸೊಪ್ಪನ್ನು ಚಟ್ಟಿಯಲ್ಲಿ ಬೆಳೆಸಲು ಹೊರಟವರು ಮೊದಲಿಗೆ ಕೇಳುವುದು, ನೀರು ಎಷ್ಟು ಹಾಕಬೇಕೆಂದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುವ ನಮ್ಮ ಕಾಸರಗೋಡಿನಲ್ಲಿ, ಹಾಕುವ ನೀರಿಗಿಂತ ಇಳಿದುಹೋಗುವ ನೀರಿನ ಬಗ್ಗೆಯೇ ಹೆಚ್ಚು ಯೋಚಿಸಬೇಕಾಗುತ್ತದೆ.

ಕೊತ್ತಂಬರಿಯ ವಿಷಯದಲ್ಲಿ ನಾನು ಎರಡು ಮಳೆಗಾಲ ಕೆಟ್ಟಿದ್ದೇನೆ. ಜೂನ್ ಮೊದಲ ವಾರದಲ್ಲಿ ಬಿತ್ತಿದ ಬೀಜ ಮೊಳೆತು, ಎರಡೆಲೆ ಬಿಟ್ಟು, ಬುಡದಲ್ಲಿ ನೂಲಿನಷ್ಟು ಸಪುರವಾಗಿ ಒಂದೇ ರಾತ್ರಿಯಲ್ಲಿ ಮಗುಚಿ ಬಿತ್ತು. ಅಡಿಕೆಗೆ ಬರುವ ಮಹಾಳಿಯ, ಅಂದರೆ ಕೊಳೆರೋಗದ, ಹತ್ತಿರದ ನೆಂಟನೇ ಆದ ಈ ಬುಡಕೊಳೆ, ನೀರು ನಿಂತ ಮಣ್ಣಿನಲ್ಲಿ ಹಬ್ಬುತ್ತದೆ. ದೀಪಾವಳಿ ಕಳೆದ ಮೇಲೆ ಬಿತ್ತಿದರೆ ಈ ಕಾಟ ಕಡಿಮೆ. ನಾವು ಬೀಜವೆನ್ನುವ ಕೊತ್ತಂಬರಿಯ ಕಾಳು ನಿಜವಾಗಿ ಎರಡು ಬೀಜಗಳಿರುವ ಕಾಯಿಯಾದುದರಿಂದ, ಅದನ್ನು ಅಂಗೈಯಲ್ಲಿ ಮೆಲ್ಲನೆ ಉಜ್ಜಿ ಎರಡಾಗಿಸಿ, ಒಂದು ರಾತ್ರಿ ನೆನೆಸಿ ಬಿತ್ತಬೇಕು. ತಾಯಿಬೇರು ನೇರವಾಗಿ ಕೆಳಗಿಳಿಯುವ ಗಿಡವಾದ ಕಾರಣ ಕಿತ್ತು ನೆಟ್ಟರೆ ಮುನಿಯುತ್ತದೆ, ಬಿತ್ತಿದಲ್ಲಿಯೇ ಬೆಳೆಯಲಿ. ಬೇಸಗೆಯ ಸೆಕೆ ಏರಿದೊಡನೆ ಅದು ಸೊಪ್ಪು ಬಿಟ್ಟು ಹೂವಿಗೆ ತಿರುಗುತ್ತದೆ, ಆಗ ಎಷ್ಟು ಗೊಬ್ಬರ ಹಾಕಿದರೂ ವ್ಯರ್ಥ.

ಚಟ್ಟಿಗೆ ನಾನು ತುಂಬುವುದು ಎರಡು ಪಾಲು ಸುಡುಮಣ್ಣು (ಕಸಕಡ್ಡಿಯೊಡನೆ ಸುಟ್ಟ ಮಣ್ಣು), ಒಂದು ಪಾಲು ಹುಡಿಯಾದ ಹಟ್ಟಿಗೊಬ್ಬರ, ಒಂದು ಪಾಲು ಹೊಯಿಗೆ (ಮರಳು). ತೆಂಗಿನ ನಾರಿನ ಹುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುವುದರಿಂದ ಅದನ್ನು ಬೇಸಗೆಗೆ ಮೀಸಲಿಡುತ್ತೇನೆ. ತಳದಲ್ಲಿ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಎಂಬುದು ಎಲ್ಲರ ನಂಬಿಕೆ. ಆದರೆ ನುಣ್ಣನೆಯ ಮಣ್ಣು ತೊಯ್ದು ತುಂಬುವವರೆಗೂ ನೀರು ಜಲ್ಲಿಯ ಮೇಲೆಯೇ ತಡೆದು ನಿಲ್ಲುತ್ತದೆ. ಅದರ ಬದಲು ಚಟ್ಟಿಯನ್ನು ಎರಡು ಹಂಚಿನ ತುಂಡುಗಳ ಮೇಲೆ ಕೂರಿಸಿದರೆ, ಅಡಿಯ ತೂತು ನೆಲಕ್ಕೆ ಅಂಟಿ ಮುಚ್ಚಿಹೋಗುವುದಿಲ್ಲ.

ಪುದೀನಕ್ಕೆ ಹೆಚ್ಚು ಮಾತು ಬೇಡ: ಪೇಟೆಯಿಂದ ತಂದ ಕಟ್ಟಿನ ದಂಟನ್ನು ನೀರಿನಲ್ಲಿಟ್ಟರೆ ವಾರ ಹತ್ತು ದಿನದಲ್ಲಿ ಬೇರು ಬಿಡುತ್ತದೆ. ಬೇವಿನಸೊಪ್ಪಿನ, ಅಂದರೆ ಕರಿಬೇವಿನ, ಗಿಡವನ್ನು ಚಟ್ಟಿಯಲ್ಲಿ ಗೋಳಾಡಿಸುವುದಕ್ಕಿಂತ, ದೊಡ್ಡ ಮರದ ಬುಡದಲ್ಲಿ ಎದ್ದ ಬೇರುಸಸಿಯನ್ನು ತಂದು ಅಂಗಳದ ಬದಿಗೆ ನೆಡುವುದು ಲೇಸು.

ಉಳಿದವು ಸಾಂಬ್ರಾಣಿ ಮತ್ತು ಒಂದೆಲಗ. ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಸಾಂಬ್ರಾಣಿಗೆ, ಅಂದರೆ ಘಟ್ಟದ ಮೇಲಿನವರ ದೊಡ್ಡಪತ್ರೆಗೆ, ಆಟಿ ತಿಂಗಳು ಕಳೆಯುವವರೆಗೆ (ಆಗಸ್ಟ್ ನಡುವಿನವರೆಗೆ) ಜಗಲಿಯ ಅಂಚೇ ಸ್ಥಳ. ಒಂದೆಲಗವನ್ನಾದರೋ ಮಾಡಿನ ನೀರು ಬಿದ್ದು ಹರಿಯುವ ದಾರಿಯಲ್ಲಿ, ಅರೆನೆರಳಿನಲ್ಲಿ ನೆಟ್ಟರೆ ಬಳ್ಳಿ ಗೆಣ್ಣುಗೆಣ್ಣಿಗೂ ಬೇರೂರಿ ಹಬ್ಬುತ್ತದೆ. ಬಚ್ಚಲಿನ ಸಾಬೂನು ನೀರು ಹೋಗುವ ಕಡೆ ಮಾತ್ರ ಬೇಡ. ತಂಬುಳಿಗೆ ಅದನ್ನು ಹಸಿಯಾಗಿಯೇ ಅರೆಯುತ್ತೇವಲ್ಲ.